ಶಾಲೆಯಲ್ಲಿ ಮಕ್ಕಳ ನೆಮ್ಮದಿಗೆ ಅಂತ ನಾಯಿ ಸಾಕಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ

ಲೈನ್‌ಮನೆ_ಮೇಡಂ:

ಎಲ್ರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆ ಒಂದು ಸಣ್ಣ ಅನುದಾನಿತ ಶಾಲೇಲಿ ಪಾಠ ಮಾಡ್ತೀನಿ. ಒಂದರಿಂದ ಏಳನೇ ಕ್ಲಾಸ್ ತನಕ ಇದೆ, ಮುಕ್ಕಾಲು ಪಾಲು ಮಕ್ಕಳು ಎಸ್ಟೇಟ್ ಲೈನ್ ಮನೆಗಳಿಂದ, ಅಂದ್ರೆ ತೋಟದ ಕೂಲಿಯೋರ ಸಾಲು ಮನೆಗಳಿಂದ ಬರೋರು. ನಮ್ ಕಡೆ ಆನೆ ಕಾಟ ಹೇಗಿದೆ ಅಂತ ಹಾಸನದೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ರಾತ್ರಿ ಲೈನ್ ಹಿಂದೆ ಆನೆ ಬಂತು ಅಂದ್ರೆ ಇಡೀ ಮನೆ ಎದ್ದು ಕೂತಿರುತ್ತೆ, ಬೆಳಿಗ್ಗೆ ವಾಟ್ಸಾಪಲ್ಲಿ ಇಂಥ ತೋಟದಲ್ಲಿ ಗುಂಪು ನಿಂತಿದೆ ಅಂತ ಮೆಸೇಜ್ ಬಂದ್ರೆ ಯಾರಾದ್ರೂ ದೊಡ್ಡೋರು ಜೊತೇಲಿ ಬಂದು ಮಕ್ಕಳನ್ನ ಬಿಟ್ಟು ಹೋಗ್ಬೇಕು, ನಿದ್ದೆಗೆಟ್ಟ ಮಕ್ಕಳು ಕ್ಲಾಸಲ್ಲಿ ಕೂತಿರ್ತವೆ, ದೂರದಲ್ಲಿ ಆನೆ ಓಡ್ಸೋ ಪಟಾಕಿ ಸದ್ದು ಕೇಳಿದ್ರೆ ಸಾಕು ಅರ್ಧ ಕ್ಲಾಸ್ ಎದ್ದು ನಿಲ್ಲುತ್ತೆ. ಪಾಠ ತಲೆಗೆ ಹೋಗಲ್ಲ ಅಂತ ಅವರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ.

ಈಗ ವಿಷಯಕ್ಕೆ ಬರ್ತೀನಿ. ಬಿಸಿಯೂಟ ಮಾಡೋ ಅಕ್ಕನ ಹಿಂದೆ ದಿನಾ ಒಂದು ಕಂದು ನಾಯಿ ಬರುತ್ತೆ, ಹೆಣ್ಣು, ಊರ ನಾಯೀನೇ. ನಾಲ್ಕನೇ ಕ್ಲಾಸಲ್ಲಿ ಒಬ್ಳು ಹುಡುಗಿ ಇದ್ದಾಳೆ, ಶಾಲೆಗೆ ಸೇರಿದಾಗಿಂದ ನಮ್ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ, ಹಾಜರಿ ಕೂಗಿದ್ರೆ ಕೈ ಎತ್ತೋದು ಅಷ್ಟೇ. ಅವಳು ಊಟ ಆದ್ಮೇಲೆ ಅಡುಗೆ ಕೋಣೆ ಹಿಂದಿನ ಜಗಲಿ ಮೇಲೆ ಆ ನಾಯಿ ಪಕ್ಕ ಕೂತು ಕನ್ನಡ ಪುಸ್ತಕ ತೆಗೆದು ಅಕ್ಷರದ ಕೆಳಗೆ ಬೆರಳಿಟ್ಟು ಜೋರಾಗಿ ಓದ್ತಾಳೆ. ಒಂದು ಪದ ತಡವರಿಸ್ತು ಅಂದ್ರೆ ನಿಲ್ಸಿ ನಾಯಿ ಮುಖ ನೋಡ್ತಾಳೆ, ಮತ್ತೆ ಆ ಸಾಲಿನ ಮೊದಲಿಂದ ಶುರು. ಅವಳ ದನಿ ಹೇಗಿದೆ ಅಂತ ನನಗೆ ಗೊತ್ತಾಗಿದ್ದೇ ಅಡುಗೆ ಕೋಣೆ ಕಿಟಕಿಯಿಂದ.

ಇದನ್ನ ಸ್ಟಾಫ್ ಮೀಟಿಂಗಲ್ಲಿ ಹೇಳ್ದೆ. ಹೊರದೇಶದ ಶಾಲೆಗಳಲ್ಲಿ ಮಕ್ಕಳ ಸಮಾಧಾನಕ್ಕೆ ಅಂತಾನೇ ನಾಯಿ ಇಟ್ಕೊಂಡಿರ್ತಾರಲ್ಲ, ನಾವೂ ಯಾಕೆ ಮಾಡ್ಬಾರ್ದು ಅಂತ ಮಾತಾಯ್ತು. ಆಡಳಿತ ಮಂಡಳಿಯ ತೋಟದ ಮಾಲೀಕರೊಬ್ರು ನಮ್ಮನೆ ಲ್ಯಾಬ್ರಡಾರ್ ಮರಿ ಹಾಕಿದೆ, ಒಂದು ಕೊಡ್ತೀನಿ ಅಂದಿದ್ದಾರೆ. ಮರಿ ತರೋದು ಸರೀನಾ? ಪರ್ಮಿಷನ್ ಏನಾದ್ರೂ ಬೇಕಾ? ಕೆಲವು ಪೋಷಕರು ನಾಯಿ ಅಂದ್ರೇನೇ ಬೇಡ ಅಂತಾರೆ, ಅವರಿಗೆ ಏನು ಹೇಳೋದು? ನಾಯಿ ಬಿಟ್ಟು ಬೇರೆ ಪ್ರಾಣಿ ಆಗುತ್ತಾ? ಉತ್ಸಾಹದಲ್ಲಿ ತಂದು ಆಮೇಲೆ ಆ ಪ್ರಾಣಿ ಮೂಲೇಲಿ ಬಿದ್ದಿರೋ ಹಾಗಾಗ್ಬಾರ್ದು, ನನಗೆ ಅದೇ ದೊಡ್ಡ ಚಿಂತೆ.

ಆಲ್ದೂರು_ತೋಟ:

ಮೇಡಂ, ರಾತ್ರಿ ಅದು ಎಲ್ಲಿರುತ್ತೆ ಅನ್ನೋದನ್ನ ಮೊದಲು ಯೋಚನೆ ಮಾಡಿ. ಶಾಲೇಲೇ ಕಟ್ಟಿ ಹಾಕಿ ಹೋಗ್ತೀವಿ ಅನ್ನೋದಾದ್ರೆ ದಯವಿಟ್ಟು ಬೇಡ. ನಮ್ ಕಡೆ ಚಿರತೆ ಊರಿಗೆ ಬಂತು ಅಂದ್ರೆ ಮೊದಲು ಹೋಗೋದೇ ನಾಯಿ, ಅದರಲ್ಲೂ ಚೈನಲ್ಲಿ ಕಟ್ಟಿರೋ ನಾಯಿಗೆ ಓಡಿ ತಪ್ಪಿಸ್ಕೊಳ್ಳೋಕೂ ಆಗಲ್ಲ. ಬೆಳಿಗ್ಗೆ ಮಕ್ಕಳು ಬಂದು ನೋಡ್ಬಾರದ್ದನ್ನ ನೋಡ್ತವೆ. ಆನೆ ಇರೋ ಜಾಗದಲ್ಲಿ ಇನ್ನೊಂದು ತೊಂದ್ರೆ, ನಾಯಿ ಹೋಗಿ ಆನೆಗೆ ಬೊಗಳಿ ಕೆಣಕಿ, ಅದು ಅಟ್ಟಿಸ್ಕೊಂಡು ಬಂದಾಗ ಸೀದಾ ಮನುಷ್ಯರ ಹತ್ರಕ್ಕೇ ಓಡಿ ಬರುತ್ತೆ. ಮಕ್ಕಳು ನಡ್ಕೊಂಡು ಬರೋ ದಾರೀಲಿ ನಾಯಿ ಜೊತೆಗೆ ಬಿಡ್ಬೇಡಿ.

ಹಾಸನ_ಪಶುವೈದ್ಯ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪಶುವೈದ್ಯ, ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ಲ್ಯಾಬ್ ಮರಿ ಬೇಡ. ಕೊಡೋರ ಮನಸ್ಸು ಒಳ್ಳೇದೇ, ಆದ್ರೆ ಮರಿಗೆ ಹಲ್ಲು ಬರೋ ಕಾಲದಲ್ಲಿ ಬೆರಳು, ಲಂಗ, ಬ್ಯಾಗಿನ ಪಟ್ಟಿ ಏನ್ ಸಿಕ್ರೂ ಬಾಯಿಗೇ ಹೋಗುತ್ತೆ. ಅದಕ್ಕೆ ಅದು ಆಟ, ನಿಮಗೆ ಮಗು ಕೈ ಗೀರಿತು ಅಂದ್ರೆ ಇಂಜೆಕ್ಷನ್‌ಗೆ ಓಡೋ ಕೆಲಸ, ಯಾಕಂದ್ರೆ ರೇಬಿಸ್ ಲಸಿಕೆ ಮೊದಲ ಡೋಸ್ ಹಾಕೋದೇ ಮರಿಗೆ ಮೂರು ತಿಂಗಳಾದ್ಮೇಲೆ, ಆಮೇಲೆ ಬೂಸ್ಟರ್, ನಂತರ ವರ್ಷ ವರ್ಷ. ಇದರ ಮಧ್ಯೆ ಪಾರ್ವೋ, ಡಿಸ್ಟೆಂಪರ್ ಅಂತ ಮರಿಗಳ ಜೀವ ತೆಗೆಯೋ ವೈರಸ್ ರೋಗಗಳ ಭಯ ಬೇರೆ. ಪಾರ್ವೋ ಬಂದು ಮರಿ ಹೋಯ್ತು ಅಂದ್ರೆ ಸಮಾಧಾನಕ್ಕೆ ತಂದ ಪ್ರಾಣಿಯಿಂದಾನೇ ಮಕ್ಕಳು ಅಳೋ ಹಾಗಾಗುತ್ತೆ. ಇನ್ನು ನಮ್ ಮಲೆನಾಡಿನ ಮಳೆಗಾಲ. ಲ್ಯಾಬ್‌ಗೆ ಮೈ ತುಂಬ ದಟ್ಟ ಕೂದಲು, ಜೋಲು ಕಿವಿ, ಜೂನಿಂದ ಸೆಪ್ಟೆಂಬರ್ ತನಕ ಮೈ ಆರೋದೇ ಇಲ್ಲ, ಕಿವಿ ಸೋರುತ್ತೆ, ಚರ್ಮಕ್ಕೆ ಫಂಗಸ್ ಹಿಡಿಯುತ್ತೆ. ಅಷ್ಟೆಲ್ಲಾ ನೋಡ್ಕೊಳ್ಳೋರು ಯಾರು? ಲ್ಯಾಬ್ 10ರಿಂದ 12 ವರ್ಷ ಬದುಕುತ್ತೆ. ಅಷ್ಟರಲ್ಲಿ ಹೆಡ್‌ಮೇಷ್ಟ್ರು ರಿಟೈರ್ ಆಗಿರ್ತಾರೆ, ನಿಮಗೆ ಬೇರೆ ಕಡೆ ಕೆಲಸ ಸಿಕ್ಕಿರುತ್ತೆ, ಮರಿ ಕೊಟ್ಟೋರೂ ಕಮಿಟಿ ಬಿಟ್ಟಿರ್ತಾರೆ. ದಸರಾ ರಜೆ, ಏಪ್ರಿಲ್ ಮೇ ರಜೇಲಿ ಅದಕ್ಕೆ ಅನ್ನ ಹಾಕೋದು ಯಾರು ಅನ್ನೋ ಪ್ರಶ್ನೆಗೆ ಈಗ್ಲೇ ಒಂದು ಹೆಸರು ಹೇಳೋಕಾಗ್ಬೇಕು. ಹೆಸರು ಬರ್ಲಿಲ್ಲ ಅಂದ್ರೆ ಪ್ರಾಣಿ ತರಬೇಡಿ. ನನ್ನ ಮುಖ್ಯ ಮಾತು ಇದೇ, ಉಳಿದಿದ್ದೆಲ್ಲ ಆಮೇಲೆ. ಶಾಲೆಯ ನಾಯಿ ಅಂತ ಒಂದಿರಲ್ಲ, ಯಾರೋ ಒಬ್ಬರ ನಾಯಿ ಶಾಲೆಗೆ ಬಂದು ಹೋಗ್ಬೇಕು. ಇಂಗ್ಲೆಂಡ್ ಶಾಲೆಗಳಲ್ಲೂ ಹೆಚ್ಚಾಗಿ ನಾಯಿ ಯಾವ್ದೋ ಟೀಚರ್ ಮನೇದೇ ಆಗಿರುತ್ತೆ, ಬೆಳಿಗ್ಗೆ ಅವರ ಜೊತೆ ಬಂದು ಸಂಜೆ ಅವರ ಜೊತೆ ಹೋಗುತ್ತೆ.

ಹಾಗಾಗಿ ನನ್ನ ಕಣ್ಣಿಗೆ ಬಿದ್ದಿದ್ದು ನಿಮ್ಮ ಅಡುಗೆ ಅಕ್ಕನ ಹಿಂದೆ ಬರೋ ನಾಯಿ. ಅದಕ್ಕೆ ವಯಸ್ಸು ಎರಡು ವರ್ಷ ದಾಟಿದ್ಯಾ? ಮಕ್ಕಳ ಗಲಾಟೆಗೆ ಹೊಂದ್ಕೊಂಡಿದ್ಯಾ? ಯಾರಿಗೂ ಗುರ್ ಅಂದಿಲ್ವಾ? ಹೌದು ಅನ್ನೋದಾದ್ರೆ ಊರ ನಾಯಿಗೆ ಕಡಿಮೆ ಏನೂ ಇಲ್ಲ, ನಮ್ ಹವಾಮಾನಕ್ಕೆ ಅದೇ ಸರಿ. ಆದ್ರೆ ಈಗಿರೋ ಸ್ಥಿತೀಲಿ ಅದು ಯಾರದ್ದೂ ಅಲ್ಲದ ನಾಯಿ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ಗಳ ಆವರಣದಿಂದ ಬೀದಿ ನಾಯಿಗಳನ್ನ ಹಿಡಿದು ಸಂತಾನಹರಣ, ಲಸಿಕೆ ಮಾಡ್ಸಿ ಶೆಲ್ಟರ್‌ಗೆ ಕಳಿಸ್ಬೇಕು, ವಾಪಸ್ ಅಲ್ಲೇ ಬಿಡ್ಬಾರ್ದು ಅಂತ ಆದೇಶ ಮಾಡಿದೆ. ನಾಳೆ ಯಾರಾದ್ರೂ ದೂರು ಕೊಟ್ರೆ ಆ ನಾಯಿ ಹೋಗುತ್ತೆ, ನೀವು ಏನೂ ಮಾಡೋಕಾಗಲ್ಲ. ಅದಕ್ಕೆ ಅಕ್ಕ ಒಪ್ಪಿದ್ರೆ ಅವರ ಹೆಸರಲ್ಲೇ ಲಸಿಕೆ ಕಾರ್ಡ್ ಮಾಡ್ಸಿ, ಕೊರಳಿಗೆ ಪಟ್ಟಿ ಹಾಕಿ, ಆಪರೇಷನ್ ಮಾಡ್ಸಿ, ಪಂಚಾಯ್ತಿಗೂ ಒಂದು ಪತ್ರ ಕೊಟ್ಟಿಡಿ. ಶಾಲೆ ಕಡೆಯಿಂದ ಆಡಳಿತ ಮಂಡಳಿ ತೀರ್ಮಾನ ಬರವಣಿಗೇಲಿ ಇರ್ಲಿ, ಬಿಇಒ ಆಫೀಸಿಗೂ ತಿಳಿಸಿಬಿಡಿ. ಸಂಜೆ ಅಕ್ಕನ ಜೊತೆ ಮನೆಗೆ ಹೋಗಿ ರಾತ್ರಿ ಬಾಗಿಲು ಹಾಕಿದ ಜಾಗದಲ್ಲಿ ಮಲಗ್ಬೇಕು.

ಆಮೇಲೆ ನಾಯಿ ಕಡೆಯಿಂದ ಒಂದ್ಸಲ ಯೋಚನೆ ಮಾಡಿ. ಇಡೀ ಶಾಲೆ ಒಟ್ಟಿಗೆ ಮುತ್ತಿಕೊಂಡು ಸವರೋಕೆ ಹೋದ್ರೆ ಅದನ್ನ ಸಂತೆ ಮಧ್ಯೆ ಕಟ್ಟಿ ಹಾಕಿದ ಹಾಗೆ. ಒಂದು ಸಲಕ್ಕೆ ಇಬ್ಬರು ಮೂವರು ಮಕ್ಕಳು, ಅರ್ಧ ಗಂಟೆ, ಜೊತೇಲಿ ಒಬ್ರು ದೊಡ್ಡೋರು ಇರ್ಲೇಬೇಕು. ನಾಯಿ ಎದ್ದು ಹೋದ್ರೆ ಹೋಗ್ಲಿ ಬಿಡಿ, ಹಿಂದೆ ಹೋಗಿ ಕರೆಯೋದು, ಕುತ್ತಿಗೆ ಹಿಡಿದು ಕೂರ್ಸೋದು ಕೂಡದು. ನಿದ್ದೆ ಬರದಿದ್ರೂ ಸುಮ್ ಸುಮ್ನೆ ಆಕಳಿಸೋದು, ಮೂಗು ತುಟಿ ನೆಕ್ಕಿಕೊಳ್ಳೋದು, ಮುಖ ಆ ಕಡೆ ತಿರುಗಿಸೋದು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆ ನೋಡೋದು, ಬಾಲ ಒಳಗೆ ಸೇರ್ಸೋದು, ಇವೆಲ್ಲ ನನಗೆ ಸಾಕು ಬಿಡಿ ಅಂತ ಅದು ಹೇಳೋ ರೀತಿ. ಇದನ್ನ ದೊಡ್ಡೋರಿಗಿಂತ ಮಕ್ಕಳು ಬೇಗ ಕಲೀತಾರೆ, ಕಲಿಸಿ. ಮಕ್ಕಳು ಕಾಲಿಡದ ಒಂದು ಮೂಲೆ ಅದಕ್ಕೆ ಅಂತಾನೇ ಇರ್ಲಿ, ಗೋಣಿಚೀಲ ಹಾಸಿ ನೀರಿಟ್ರೆ ಸಾಕು. ಅದು ತಿನ್ನೋವಾಗ, ಮಲಗಿರೋವಾಗ ಯಾರೂ ಮುಟ್ಟಬಾರ್ದು. ಬಿಸಿಯೂಟದ ಸಾಂಬಾರ್ ಅನ್ನ ಹಾಕ್ಬೇಡಿ, ಈರುಳ್ಳಿ ನಾಯಿಗೆ ವಿಷ.

ಮೂರು ತಿಂಗಳಿಗೊಮ್ಮೆ ಜಂತು ಔಷಧಿ. ಮಕ್ಕಳು ಬರಿಗಾಲಲ್ಲಿ ಓಡಾಡೋ ಜಾಗದಲ್ಲಿ ಈ ಔಷಧಿ ತಪ್ಪಿಸಲೇಬೇಡಿ, ಕೊಕ್ಕೆ ಹುಳ ಚರ್ಮದಿಂದಾನೇ ಒಳಗೆ ಹೋಗುತ್ತೆ. ಉಣುಗಿಗೆ ಹಾಕೋ ಔಷಧಿ ಕೂಡ, ಕಾಡಂಚಿಗೆ ಹೋಗಿ ಬರೋ ನಾಯಿ ಮೈಮೇಲೆ ಉಣುಗು ಹೊತ್ತು ತರುತ್ತೆ. ಕೊಪ್ಪ, ಎನ್‌.ಆರ್‌.ಪುರ ಕಡೆ ಶಾಲೆಯವರು ಯಾರಾದ್ರೂ ಓದ್ತಿದ್ರೆ ಉಣುಗಿನಿಂದ ಹರಡೋ ಮಂಗನ ಕಾಯಿಲೆ ಇರೋ ಜಾಗ ಅದು, ನವೆಂಬರಿಂದ ಮೇ ತನಕ ಡಬಲ್ ಹುಷಾರಾಗಿರಿ.

ಕಚ್ಚಿದ್ರೆ, ಗೀರಿದ್ರೆ, ಲಸಿಕೆ ಆದ ನಾಯೀನೇ ಆಗಿದ್ರೂ, ಸೋಪ್ ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀಬೇಕು. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಏನೂ ಮೆತ್ತಬೇಡಿ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಚರ್ಮಕ್ಕೆ ಕೊಡೋ ಲಸಿಕೆ 0, 3, 7, 28ನೇ ದಿನ, ನಾಲ್ಕೂ ಮುಗಿಸ್ಬೇಕು. ಗಾಯ ಆಳ ಇದ್ರೆ, ರಕ್ತ ಬಂದಿದ್ರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದ್ರೆ ರೇಬಿಸ್ ವೈರಸ್ಸನ್ನ ತಕ್ಷಣ ತಡೆಯೋ ಇಂಜೆಕ್ಷನ್ ಕೂಡ ಬೇಕು. ರೇಬಿಸ್ ಲಕ್ಷಣ ಒಂದ್ಸಲ ಕಾಣಿಸ್ಕೊಂಡ ಮೇಲೆ ಔಷಧಿ ಇಲ್ಲ, ಇದನ್ನ ಹೆದ್ರಿಸೋಕೆ ಹೇಳ್ತಿಲ್ಲ, ಇರೋ ವಿಷಯ.

ಅರಸೀಕೆರೆ_ಅಪ್ಪ:

ಪೋಷಕನಾಗಿ ಹೇಳ್ತೀನಿ, ಯಾರೂ ಬೇಜಾರ್ ಮಾಡ್ಕೊಬೇಡಿ. ನನ್ನ ಮಗನಿಗೆ ಟ್ಯೂಷನ್‌ನಿಂದ ಬರೋವಾಗ ಮೀನಖಂಡಕ್ಕೆ ನಾಯಿ ಕಚ್ಚಿತ್ತು. ಹತ್ತಿರದ ಆಸ್ಪತ್ರೇಲಿ ಲಸಿಕೆ ಇತ್ತು, ಮೇಲೆ ಡಾಕ್ಟ್ರು ಬರೆದ್ರಲ್ಲ ಆ ಇಮ್ಯುನೊಗ್ಲಾಬ್ಯುಲಿನ್ ಇರ್ಲಿಲ್ಲ, ರಾತ್ರೋ ರಾತ್ರಿ ಮಗೂನ ಎತ್ಕೊಂಡು ಹಾಸನಕ್ಕೆ ಓಡಿದ್ವಿ. ಗಾಯ ವಾಸಿಯಾಯ್ತು, ಭಯ ಹೋಗಿಲ್ಲ. ಇವತ್ತಿಗೂ ದೂರದಲ್ಲಿ ನಾಯಿ ಕಂಡ್ರೆ ನನ್ನ ಬೆರಳು ಗಟ್ಟಿಯಾಗಿ ಹಿಡ್ಕೊತಾನೆ, ಕೈ ಬೆವರಿರುತ್ತೆ. ಅಂಥ ಮಗು ಓದೋ ಶಾಲೆಗೆ ನೀವು ನಾಯಿ ತಂದ್ರೆ ಅವನಿಗೆ ನೆಮ್ಮದಿ ಎಲ್ಲಿಂದ ಬರುತ್ತೆ? ಒಂದು ಮಗು ಮಾತಾಡಿದ್ದು ಸಂತೋಷ, ನಿಜವಾಗ್ಲೂ ಸಂತೋಷ. ಆದ್ರೆ ಹೆದ್ರೋ ಮಕ್ಕಳೂ ನಿಮ್ಮ ಮಕ್ಕಳೇ ತಾನೆ.

ಮಾಡ್ಲೇಬೇಕು ಅಂದ್ರೆ ನಾನು ಕೇಳೋದು ಇಷ್ಟು. ಪೋಷಕರ ಸಭೇಲಿ ಕೈ ಎತ್ತಿಸಿ ಒಪ್ಪಿಗೆ ತಗೋಬೇಡಿ, ಎಲ್ಲರ ಮುಂದೆ ನನ್ನ ಮಗ ಹೆದರ್ತಾನೆ ಅಂತ ಹೇಳೋಕೆ ಎಷ್ಟೋ ಜನಕ್ಕೆ ಆಗಲ್ಲ. ಒಬ್ಬೊಬ್ರನ್ನೇ ಕೇಳಿ, ಸಹಿ ತಗೊಳ್ಳಿ. ಕೆಲವು ಮನೆಗಳಲ್ಲಿ ಧರ್ಮದ ಕಾರಣಕ್ಕೂ ನಾಯಿ ಮುಟ್ಟಲ್ಲ, ಕೆಲವು ಮಕ್ಕಳಿಗೆ ಕೂದಲು ಕಂಡ್ರೆ ಉಬ್ಬಸ ಬರುತ್ತೆ, ಯಾಕೆ ಬೇಡ ಅಂತ ಕಾರಣ ಕೆದಕೋದು ಬೇಡ. ನಾಯಿ ಇರೋ ಜಾಗ ಒಂದೇ ಇರ್ಲಿ, ಕ್ಲಾಸ್ ರೂಮು, ಗೇಟು, ಟಾಯ್ಲೆಟ್ ದಾರಿ ಇವುಗಳಲ್ಲಿ ಅದು ಎದುರಾಗ್ಬಾರ್ದು. ಮತ್ತೆ ಹೆದ್ರೋ ಮಗೂನ ಮುಟ್ಟು ಮುಟ್ಟು ಏನೂ ಮಾಡಲ್ಲ ಅಂತ ನೂಕಬೇಡಿ. ನನ್ನ ಮಗನಿಗೆ ಹಾಗೆ ಮಾಡಿದ್ರು, ಭಯ ಇನ್ನೂ ಜಾಸ್ತಿ ಆಯ್ತು.

ಕಡೂರು_ಟೀಚರ್:

ನಾವು ಕಡೂರು ಸೀಮೆಯೋರು, ನಿಮ್ಮಷ್ಟು ಮಳೆ ಇಲ್ಲ, ಬಿಸಿಲು ಜಾಸ್ತಿ. ನಮ್ ಶಾಲೇಲಿ ನಾಯಿ ಬೇಡ ಅಂತ ತೀರ್ಮಾನ ಆದ್ಮೇಲೆ ಮೊಲದ ಮಾತು ಬಂತು. ನೋಡೋಕೆ ಮುದ್ದು, ಆದ್ರೆ ಮೊಲಕ್ಕೆ ಎತ್ಕೊಳ್ಳೋದೇ ಇಷ್ಟ ಇಲ್ಲ, ಎತ್ತಿದ ತಕ್ಷಣ ಯಾವ್ದೋ ಪ್ರಾಣಿ ಹಿಡೀತು ಅಂತಾನೇ ಅಂದ್ಕೊಳ್ಳುತ್ತೆ, ಒದೆಯೋ ಭರಕ್ಕೆ ಬೆನ್ನು ಮೂಳೇನೇ ಮುರ್ಕೊಳ್ಳುತ್ತೆ. ನಮ್ ಏಪ್ರಿಲ್ ಬಿಸಿಲಿಗೆ ಅದು ತಡಕೊಳ್ಳಲ್ಲ. ಗಂಡು ಹೆಣ್ಣು ಒಟ್ಟಿಗಿಟ್ರೆ 31 ದಿನಕ್ಕೆ ಮರಿ, ಆಮೇಲೆ ಆ ಮರಿಗಳನ್ನ ಏನು ಮಾಡ್ತೀರಿ? ಒಬ್ರು ಗಿಳಿ ತಂದು ಕೊಡ್ತೀನಿ ಅಂದ್ರು. ನಮ್ಮ ಹಸಿರು ಗಿಳಿ ಪಂಜರದಲ್ಲಿ ಇಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ನಕ್ಷತ್ರ ಆಮೆಯೂ ಅಷ್ಟೇ. ಶಾಲೇಲಿ ಕೂತು ಆ ಕೆಲಸ ಮಾಡೋದು ಬೇಡ ಅಂತ ಬಿಟ್ವಿ.

ಕೊನೆಗೆ ಇಟ್ಟಿದ್ದು ನಾಟಿ ಕೋಳಿ, ಒಳ್ಳೇದೇ ಆಯ್ತು. ಕಾವಿಗೆ ಕೂರ್ಸಿದ್ರೆ 21 ದಿನ, ಮಕ್ಕಳು ಗೋಡೆ ಮೇಲೆ ದಿನಾ ಒಂದು ಗೆರೆ ಎಳೀತಾರೆ. ಆರನೇ ಕ್ಲಾಸಿನ ಒಬ್ಬ ಹುಡುಗ ಮಾತೆತ್ತಿದ್ರೆ ಹೊಡೆದಾಟ, ಅವನಿಗೆ ಸಂಜೆ ಕೋಳಿ ಗೂಡಿಗೆ ಸೇರ್ಸೋ ಕೆಲಸ ಕೊಟ್ಟೆ. ಕೋಳೀನ ಅಟ್ಟಿಸ್ಕೊಂಡು ಹೋದ್ರೆ ಸಿಗಲ್ಲ, ನಿಧಾನಕ್ಕೆ ಕೂತು, ಎರಡೂ ಕೈಲಿ ರೆಕ್ಕೆ ಮೇಲಿಂದ ಮೆತ್ತಗೆ ಹಿಡಿದು ಎದೆಗೆ ಒತ್ಕೊಬೇಕು. ಅವನು ಅದನ್ನ ಕಲಿತ. ಈಗ ಚಿಕ್ಕ ಮಕ್ಕಳಿಗೆ ಅವನೇ ಹೇಳ್ಕೊಡ್ತಾನೆ, ಅವನು ಹೇಳೋವಾಗ ದನಿ ಎಷ್ಟು ತಗ್ಗಿರುತ್ತೆ ಅಂದ್ರೆ ನಮಗೇ ಆಶ್ಚರ್ಯ ಆಗುತ್ತೆ. ಕೋಳಿಗೆ ಬರೋ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಹಾಕ್ಸಿ, ರಾತ್ರಿ ಗೂಡಿನ ಬಾಗಿಲು ಭದ್ರ ಇರ್ಲಿ, ಮುಂಗುಸಿ, ಕಾಡುಬೆಕ್ಕು ಎರಡೂ ಬರುತ್ತೆ. ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೀದೆ ಊಟಕ್ಕೆ ಕೂರೋ ಹಾಗಿಲ್ಲ. ಇನ್ನೊಂದು, ಹಬ್ಬಕ್ಕೆ ಶಾಲೆ ಕೋಳಿ ಕೊಯ್ಯಲ್ಲ ಅಂತ ಮೊದಲ ದಿನಾನೇ ಎಲ್ಲರೂ ಒಪ್ಕೊಂಡಿರ್ಬೇಕು. ಹೆಸರಿಟ್ಟು ಸಾಕಿದ ಮಕ್ಕಳಿಗೆ ಅದು ದೊಡ್ಡ ವಿಷಯ.

ಮನಸ್ಸು_ಚಿಕ್ಕಮಗಳೂರು:

ಮಕ್ಕಳ ಆಪ್ತಸಮಾಲೋಚನೆ ಮಾಡ್ತೀನಿ. ಪ್ರಾಣಿ ವಿಷಯ ಎಲ್ರೂ ಚೆನ್ನಾಗಿ ಹೇಳಿದ್ದಾರೆ, ನಾನು ಆ ಹುಡುಗಿ ಬಗ್ಗೆ ಮಾತಾಡ್ತೀನಿ.

ನೀವು ಕಂಡಿದ್ದು ಕಾಕತಾಳೀಯ ಅಲ್ಲ. ಅಮೆರಿಕದಲ್ಲಿ ಬೋರಿಸ್ ಲೆವಿನ್ಸನ್ ಅಂತ ಮಕ್ಕಳ ಮನಶ್ಶಾಸ್ತ್ರಜ್ಞ ಇದ್ರು, ಯಾರ ಜೊತೇನೂ ಬೆರೆಯದ ಹುಡುಗ ಅವರ ನಾಯಿ ಜಿಂಗಲ್ಸ್ ಜೊತೆ ಬೆರೆತಿದ್ದನ್ನ ನೋಡಿ 1962ರಲ್ಲಿ ಅದರ ಬಗ್ಗೆ ಲೇಖನ ಬರೆದ್ರು, ಈ ಕ್ಷೇತ್ರ ಬೆಳೆದಿದ್ದೇ ಅಲ್ಲಿಂದ. 1999ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಮಕ್ಕಳು ನಾಯಿಗೆ ಪುಸ್ತಕ ಓದಿ ಹೇಳೋ ಕಾರ್ಯಕ್ರಮಾನೇ ಶುರುವಾಯ್ತು. ನಿಮ್ಮ ಹುಡುಗಿ ಯಾರೂ ಹೇಳ್ಕೊಡದೆ ಅದನ್ನೇ ಮಾಡ್ತಿದ್ದಾಳೆ. ನಾಯಿ ತಿದ್ದಲ್ಲ, ನಗಲ್ಲ, ಬೇಗ ಓದು ಅನ್ನಲ್ಲ. 2019ರಲ್ಲಿ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು 249 ಕಾಲೇಜು ವಿದ್ಯಾರ್ಥಿಗಳ ಎಂಜಲು ಪರೀಕ್ಷೆ ಮಾಡಿ ನೋಡಿದ್ರು, 10 ನಿಮಿಷ ನಾಯಿ ಬೆಕ್ಕು ಸವರಿದೋರಲ್ಲಿ ಕಾರ್ಟಿಸಾಲ್, ಅಂದ್ರೆ ಒತ್ತಡ ಆದಾಗ ಏರೋ ಹಾರ್ಮೋನು, ಇಳಿದಿತ್ತು. ಆದ್ರೆ ಅವರು ದೊಡ್ಡೋರು, ಅದೂ ತಕ್ಷಣದ ಸಮಾಧಾನ. ಆನೆ ಭಯ ಆಗ್ಲಿ ಮನೆಯ ತೊಂದ್ರೆ ಆಗ್ಲಿ ನಾಯಿಯಿಂದ ವಾಸಿ ಆಗಲ್ಲ, ಅದನ್ನ ಪೋಷಕರಿಗೂ ಹಾಗೇ ಹೇಳಿ.

ಮೊದಲು ತಿಳ್ಕೊಳ್ಳಿ, ಮನೇಲಿ ಅವಳು ಮಾತಾಡ್ತಾಳಾ? ಮನೆ ಮಾತು ಯಾವ್ದು? ಲೈನ್ ಮನೆಗಳಲ್ಲಿ ತಮಿಳು, ಅಸ್ಸಾಮಿ ಎಲ್ಲಾ ಇರುತ್ತೆ, ಕನ್ನಡ ಹೊಸದಾಗಿದ್ರೆ ಮೌನಕ್ಕೆ ಅದೂ ಕಾರಣ ಆಗಿರ್ಬಹುದು. ಕಿವಿ ಪರೀಕ್ಷೆ ಮಾಡ್ಸಿ. ಮನೇಲಿ ಚೆನ್ನಾಗಿ ಮಾತಾಡಿ ಶಾಲೇಲಿ ಮಾತ್ರ ಬಾಯಿ ಕಟ್ಟುತ್ತೆ ಅಂದ್ರೆ ಅದು ಸೆಲೆಕ್ಟಿವ್ ಮ್ಯೂಟಿಸಂ ಇರ್ಬಹುದು, ಹಟ ಅಲ್ಲ, ಆತಂಕ, ಚಿಕಿತ್ಸೆ ಇದೆ. ಎಲ್ಲರ ಮುಂದೆ ಹೇಳು ಹೇಳು ಅಂತ ಒತ್ತಾಯ ಬೇಡ, ಓದೋವಾಗ ಹೋಗಿ ಶಭಾಷ್ ಅಂತ ಹೊಗಳೋದೂ ಬೇಡ, ಅಲ್ಲಿಗೆ ನಿಂತು ಹೋಗುತ್ತೆ. ಅವಳು ಇಷ್ಟ ಪಡೋ ಒಬ್ಳು ಗೆಳತಿ ಸುಮ್ನೆ ಹೋಗಿ ನಾಯಿ ಆ ಬದಿಗೆ ಕೂರ್ಲಿ, ಅದು ರೂಢಿ ಆದ್ಮೇಲೆ ನೀವು ದೂರದಲ್ಲಿ ಕೂತು ನಿಮ್ಮ ಕೆಲಸ ಮಾಡ್ಕೊಳ್ಳಿ, ವಾರಗಟ್ಟಲೆ ಹಿಡಿದ್ರೂ ಪರವಾಗಿಲ್ಲ. ತಾಲೂಕು ಆಸ್ಪತ್ರೇಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ (ಮಾನಸಿಕ ಆರೋಗ್ಯದ್ದು) ಕರ್ಕೊಂಡು ಹೋಗೋಕೆ ಅವಳ ಅಮ್ಮನಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ ಕೇಳ್ಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಲೈನ್‌ಮನೆ_ಮೇಡಂ:

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಎಲ್ರಿಗೂ ಥ್ಯಾಂಕ್ಸ್. ಲ್ಯಾಬ್ ಮರಿ ಬೇಡ ಅಂತ ಹೇಳಿದ್ವಿ, ಮಾಲೀಕರು ಬೇಜಾರ್ ಮಾಡ್ಕೊಳ್ಳಲಿಲ್ಲ, ಅದರ ಬದ್ಲು ಕಂದು ನಾಯಿ ಆಪರೇಷನ್, ಲಸಿಕೆ ಖರ್ಚು ತಾವೇ ಕೊಡ್ತೀನಿ ಅಂದ್ರು. ಅಡುಗೆ ಅಕ್ಕನ್ನ ಕೇಳಿದ್ರೆ ಅವರು ಅದು ನಮ್ಮನೆ ಹೊಸ್ತಿಲಲ್ಲೇ ಹುಟ್ಟಿದ್ದು, ಹೆಸರು ಬರೆಸೋಕೇನಂತೆ ಅಂದ್ರು. ವಯಸ್ಸು ಮೂರು ವರ್ಷ ಅಂತೆ. ರಾತ್ರಿ ಸೌದೆ ಮನೇಲಿ ಬಾಗಿಲು ಹಾಕ್ತಾರಂತೆ.

ಅರಸೀಕೆರೆ ಸಾರ್, ನಿಮ್ಮ ಮಾತು ಹೆಡ್‌ಮೇಷ್ಟ್ರಿಗೆ ಓದಿ ಹೇಳ್ದೆ. ಒಪ್ಪಿಗೆ ಪತ್ರ ಒಂದೊಂದು ಮನೆಗೆ ಬೇರೆ ಬೇರೆ ಕೊಡ್ತಿದ್ದೀವಿ. ಅಕ್ಕ ಬೆಳಿಗ್ಗೆ ಬರೋವಾಗ ಹಿಂದಿನ ಗೇಟಿಂದ ಕರ್ಕೊಂಡು ಬರೋದು, ಹಿಂದಿನ ಜಗಲಿ ಬಿಟ್ಟು ನಾಯಿ ಎಲ್ಲೂ ಬರದ ಹಾಗೆ ಬಿದಿರಿನ ತಡಿಕೆ ಹಾಕ್ಸೋದು ಅಂತ ಆಗಿದೆ. ನಾಯಿ ಬೇಡ ಅನ್ನೋ ಮಕ್ಕಳಿಗೆ ಮುಂದಿನ ವರ್ಷ ಕಡೂರು ಟೀಚರ್ ಥರ ಕೋಳಿ ಇಡೋ ಆಸೆ ಇದೆ. ಹುಡುಗಿ ಮನೆಗೆ ಹೋಗಿದ್ದೆ, ಮನೆ ಮಾತು ತಮಿಳು, ಬಾಯಿ ಮುಚ್ಚೋದೇ ಇಲ್ಲ ಅಂತಾರೆ ಅವರಮ್ಮ! ಮಂಗಳವಾರ ಸಕಲೇಶಪುರಕ್ಕೆ ಕರ್ಕೊಂಡು ಹೋಗೋಕೆ ಒಪ್ಪಿದ್ದಾರೆ, ಅವತ್ತು ಕೂಲಿ ತಪ್ಪುತ್ತಲ್ಲ ಅಂತ ಯೋಚನೆ ಇತ್ತು, ತೋಟದಲ್ಲಿ ಮಾತಾಡಿ ಸಂಬಳ ಸಹಿತ ರಜೆ ಕೊಡ್ಸಿದ್ದೀನಿ.

ಡಾಕ್ಟ್ರೇ, ಆಪರೇಷನ್ ಎಲ್ಲಿ ಮಾಡ್ಸೋದು, ಎಷ್ಟು ದಿನ ಹುಷಾರಾಗಿ ನೋಡ್ಕೊಬೇಕು?

ಹಾಸನ_ಪಶುವೈದ್ಯ:

ಬಹಳ ಸಂತೋಷ ಮೇಡಂ. ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೇಲಿ ಮೊದಲು ವಿಚಾರಿಸಿ, ಇಲ್ಲ ಅಂದ್ರೆ ನಿಮ್ಮ ತಾಲೂಕು ಪಶು ಆಸ್ಪತ್ರೇಲಿ ಕೇಳಿ. ಬೆದೆಗೆ ಬಂದಿರೋವಾಗ ಬೇಡ, ಗಬ್ಬ ಇದ್ಯಾ ಅಂತ ಮೊದ್ಲೇ ಪರೀಕ್ಷೆ ಮಾಡ್ಸಿ. ಹಿಂದಿನ ರಾತ್ರಿ ಊಟದ ವಿಷಯ ಅಲ್ಲಿಯ ಡಾಕ್ಟ್ರು ಹೇಳಿದ ಹಾಗೆ ಮಾಡಿ. ಆಪರೇಷನ್ ಆದ್ಮೇಲೆ 10ರಿಂದ 14 ದಿನ ಓಟ ಇಲ್ಲ, ಸ್ನಾನ ಇಲ್ಲ, ಹೊಲಿಗೆ ನೆಕ್ಕದ ಹಾಗೆ ಕೊರಳಿಗೆ ಕೋನ್ ಹಾಕಿರ್ಬೇಕು. ಆ ದಿನಗಳಲ್ಲಿ ಶಾಲೆಗೆ ಕರ್ಕೊಂಡು ಬರಲೇಬೇಡಿ, ನೋವಿರೋ ನಾಯಿ ಎಷ್ಟೇ ಸಾಧು ಆದ್ರೂ ಕಚ್ಚುತ್ತೆ. ಯಾಕೆ ಬರ್ತಿಲ್ಲ ಅಂತ ಮಕ್ಕಳಿಗೆ ಮೊದ್ಲೇ ಹೇಳಿರಿ. ಗಾಯ ಊದಿದ್ರೆ, ಕೀವು ಕಂಡ್ರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ರೇಬಿಸ್ ಲಸಿಕೆ ಮೊದಲ ಸಲ ಆಗೋದ್ರಿಂದ ಬೂಸ್ಟರ್ ತಪ್ಪಿಸ್ಬೇಡಿ, ಅದಾಗಿ ಒಂದೆರಡು ವಾರ ಕಳೆದ ಮೇಲೇ ಮಕ್ಕಳ ಹತ್ರ ಬಿಡಿ. ಕಾರ್ಡ್ ಅಕ್ಕನ ಹತ್ರ ಇರ್ಲಿ, ಜೆರಾಕ್ಸ್ ಒಂದು ಹೆಡ್‌ಮೇಷ್ಟ್ರ ಫೈಲಲ್ಲಿ.